ಸೂಜಿಗೆ ದಾರಿ ಹೇಳುವ ಲೆಕ್ಕ

ನಮ್ಮ ತಾಲ್ಲೂಕು ಕೇಂದ್ರಗಳ ಪೇಟೆ ಬೀದಿಯಲ್ಲಿ ಟೈಲರ್ ಅಂಗಡಿಗಳ ಬೋರ್ಡುಗಳನ್ನು ಓದುತ್ತ ಹೋದರೆ, ಈಚಿನ ವರ್ಷಗಳಲ್ಲಿ ಸೇರಿಕೊಂಡ ಒಂದು ಮಾತು ಕಣ್ಣಿಗೆ ಬೀಳುತ್ತದೆ. ‘ಆರಿ ವರ್ಕ್’, ‘ಮಗ್ಗಂ ವರ್ಕ್’ಗಳ ಪಕ್ಕದಲ್ಲಿ ‘ಕಂಪ್ಯೂಟರ್ ವರ್ಕ್’ ಎಂದೂ ಬರೆದಿರುತ್ತದೆ. ಮದುವೆಯ ಕಾಲ ಬಂತೆಂದರೆ ಬ್ಲೌಸಿನ ತೋಳಿಗೆ, ಬೆನ್ನಿಗೆ ನವಿಲು, ಬಳ್ಳಿ, ಕಳಶಗಳನ್ನು ಹಾಕಿಸುವವರ ಸಾಲು ಅಲ್ಲಿ ಬೆಳೆಯುತ್ತದೆ. ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಗುಂಡಿ ಒತ್ತಿದರೆ ಯಂತ್ರ ತಾನೇ ಹೊಲಿಯುತ್ತದೆ. ನೋಡುವವರಿಗೆ ಕಾಣುವುದು ಹೂವು ಅರಳುವ ವೇಗ ಮಾತ್ರ. ಆ ಸೂಜಿಗೆ ಎಲ್ಲಿ ಚುಚ್ಚಬೇಕು, ಅಲ್ಲಿಂದ ಎಲ್ಲಿಗೆ ಹೋಗಬೇಕು ಎಂದು ಹೇಳಿಕೊಟ್ಟವರು ಯಾರು ಎಂಬ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ.

ಈ ಪ್ರಶ್ನೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳವರಿಗೆ ವಿಶೇಷವಾಗಿ ಸಲ್ಲಬೇಕಾದದ್ದು. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ರೂಪುಗೊಂಡ ವಿಜಯನಗರ ಜಿಲ್ಲೆಯ ಈ ಭಾಗದಲ್ಲಿ ಲಂಬಾಣಿ ತಾಂಡಾಗಳು ಬಹಳ. ಫೇಟಿಯಾ, ಕಾಂಚಳಿಗಳ ಮೇಲೆ ಬಣ್ಣದ ನೂಲು, ಕನ್ನಡಿ, ಕವಡೆ, ನಾಣ್ಯಗಳನ್ನು ಕೂಡಿಸಿ ಹೊಲಿಯುವ ವಿದ್ಯೆ ಅಲ್ಲಿ ತಾಯಿಯಿಂದ ಮಗಳಿಗೆ ಬಂದಿದೆ. ಕೂಡ್ಲಿಗಿಗೆ ಹೊಂದಿಕೊಂಡ ಸಂಡೂರು ತಾಲ್ಲೂಕಿನ ಹೆಸರಿನಲ್ಲಿ ‘ಸಂಡೂರು ಲಂಬಾಣಿ ಕಸೂತಿ’ಗೆ 2010ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಂಗಸರ ಕೈಯಿಂದ ಬಂದ 1,755 ವಸ್ತುಗಳ ಪ್ರದರ್ಶನ ಗಿನ್ನಿಸ್ ದಾಖಲೆಗೆ ಸೇರಿತು.

ಒಂದು ಕಡೆ ಕೈಯ ಸೂಜಿ, ಇನ್ನೊಂದು ಕಡೆ ಕಂಪ್ಯೂಟರಿನ ಸೂಜಿ. ಎರಡೂ ಒಂದಕ್ಕೊಂದು ವೈರಿಗಳೆಂದೇ ಸಾಮಾನ್ಯ ತಿಳಿವಳಿಕೆ. ಆದರೆ ಯಂತ್ರಕ್ಕೆ ಹೊಲಿಗೆ ಕಲಿಸುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. ಆ ಕೆಲಸಕ್ಕೆ ಬೇಕಾದ ಲೆಕ್ಕ ತಾಂಡಾದ ಅಜ್ಜಿಯರಿಗೆ, ಧಾರವಾಡ ಕಡೆಯ ಕಸೂತಿ ಹೆಂಗಸರಿಗೆ ಮೊದಲೇ ಗೊತ್ತು. ಅದನ್ನು ಬರೆದಿಡುವ ಲಿಪಿ ಮಾತ್ರ ಅವರ ಬಳಿ ಇರಲಿಲ್ಲ. ಹತ್ತು ವರ್ಷದ ಮಗುವೂ ಕಲಿಯಬಹುದಾದ ಅಂಥ ಲಿಪಿಯೊಂದು ಈಗ ಬಳಕೆಯಲ್ಲಿದೆ. ಅದೇ ‘ಬ್ಲಾಕ್ ಕೋಡಿಂಗ್’, ಅಂದರೆ ಬಣ್ಣದ ತುಂಡುಗಳನ್ನು ಒಂದರ ಕೆಳಗೊಂದು ಜೋಡಿಸಿ ಪ್ರೋಗ್ರಾಂ ಬರೆಯುವ ವಿಧಾನ.

ಯಂತ್ರಕ್ಕೆ ಚಿತ್ರ ಕಾಣದು

ಕಸೂತಿ ಯಂತ್ರದ ಸೂಜಿ ಹೊಲಿಯುವಾಗ ಪಕ್ಕಕ್ಕೆ ಸರಿಯುವುದಿಲ್ಲ. ಅದು ನಿಂತಲ್ಲೇ ಮೇಲೆ ಕೆಳಗೆ ಆಡುತ್ತದೆ. ಸರಿಯುವುದು ಬಟ್ಟೆ ಬಿಗಿದ ಚೌಕಟ್ಟು. ಎಡಕ್ಕೆ ಬಲಕ್ಕೆ ಇಷ್ಟು, ಹಿಂದೆ ಮುಂದೆ ಇಷ್ಟು ಎಂದು ಚೌಕಟ್ಟು ಜರುಗುತ್ತದೆ, ಸೂಜಿ ಒಮ್ಮೆ ಚುಚ್ಚುತ್ತದೆ. ಮತ್ತೆ ಜರುಗುತ್ತದೆ, ಮತ್ತೆ ಚುಚ್ಚುತ್ತದೆ. ನವಿಲಾಗಲಿ, ಮಲ್ಲಿಗೆಯಾಗಲಿ ಯಂತ್ರಕ್ಕೆ ಅದು ಚಿತ್ರವಲ್ಲ, ಸಾವಿರಾರು ಚುಚ್ಚುಗಳ ಒಂದು ಪಟ್ಟಿ.

ಈ ಪಟ್ಟಿ ಬರೆಯುವ ಕ್ರಮಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಜಪಾನಿನ ತಾಜಿಮಾ ಕಂಪೆನಿಯ ‘ಡಿಎಸ್‌ಟಿ’. ಇದರಲ್ಲಿ ಅಳತೆಯ ಘಟಕ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಒಂದು ಚುಚ್ಚಿನಿಂದ ಇನ್ನೊಂದಕ್ಕೆ ಒಂದೇ ಸಲ ಜರುಗಬಹುದಾದ ಗರಿಷ್ಠ ದೂರ 12.1 ಮಿ.ಮೀ. ಹನ್ನೆರಡು ಸರಿ, ಅದರ ಮೇಲೆ ಈ ಪಾಯಿಂಟ್ ಒಂದು ಯಾಕೆ ಎಂದು ಯಾರಿಗಾದರೂ ಅನುಮಾನ ಬಂದೀತು. ಅದರ ಹಿಂದೆ ಸಂತೆಯ ತಕ್ಕಡಿಯ ಒಂದು ಹಳೆಯ ಲೆಕ್ಕವಿದೆ.

ವ್ಯಾಪಾರಿಯ ಬಳಿ 1, 3, 9, 27, 81 ಎಂಬ ಐದೇ ಬಟ್ಟುಗಳಿವೆ ಎಂದುಕೊಳ್ಳಿ. ಸಾಮಾನು ಇಟ್ಟ ತಟ್ಟೆಯಲ್ಲೂ ಬಟ್ಟು ಇಡಬಹುದು ಎಂದಾದರೆ ಈ ಐದರಿಂದಲೇ 1ರಿಂದ 121ರವರೆಗಿನ ಯಾವ ತೂಕವನ್ನಾದರೂ ತೂಗಬಹುದು. ಉದಾಹರಣೆಗೆ 47 ತೂಗಬೇಕು. ಒಂದು ತಟ್ಟೆಯಲ್ಲಿ 81 ಮತ್ತು 3 ಇಡಿ. ಸಾಮಾನಿನ ತಟ್ಟೆಯಲ್ಲಿ 27, 9, 1 ಇಡಿ. ಎಂಬತ್ತನಾಲ್ಕರಲ್ಲಿ ಮೂವತ್ತೇಳು ಹೋದರೆ ಉಳಿಯುವುದು ನಲವತ್ತೇಳು. ಡಿಎಸ್‌ಟಿ ಕ್ರಮದಲ್ಲಿ ಬಲಕ್ಕೆ 4.7 ಮಿ.ಮೀ. ಜರುಗು ಎಂಬುದನ್ನು ಬರೆಯುವುದು ಹೀಗೆಯೇ. ಐದೂ ಬಟ್ಟುಗಳನ್ನು ಒಂದೇ ತಟ್ಟೆಗೆ ಹಾಕಿದರೆ 121, ಅಂದರೆ 12.1 ಮಿ.ಮೀ. ಆದ್ದರಿಂದಲೇ ಅದು ಮಿತಿ. ಒಂದೊಂದು ಚುಚ್ಚಿಗೆ ಮೂರೇ ಬೈಟ್ ಸಾಕು. ಹತ್ತು ಸಾವಿರ ಚುಚ್ಚುಗಳ ವಿನ್ಯಾಸ ಮೂವತ್ತು ಸಾವಿರ ಬೈಟ್‌ಗಳಲ್ಲಿ ಮುಗಿಯುತ್ತದೆ. ಮೊಬೈಲಿನಲ್ಲಿ ನಾವು ಕಳಿಸುವ ಒಂದು ಫೋಟೊ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು.

ಇನ್ನೊಂದು ವಿಚಿತ್ರವೆಂದರೆ ಈ ಪಟ್ಟಿಗೆ ಬಣ್ಣವೂ ಗೊತ್ತಿಲ್ಲ. ‘ಇಲ್ಲಿ ನಿಲ್ಲು, ನೂಲು ಬದಲಿಸು’ ಎಂದಷ್ಟೇ ಅದು ಹೇಳುತ್ತದೆ. ಕೆಂಪೋ ಹಸಿರೋ ಎಂಬುದು ಯಂತ್ರದ ಮುಂದೆ ನಿಂತವರ ಮರ್ಜಿ.

ಬಟ್ಟೆಯಿಂದಲೇ ಬಂದ ವಿದ್ಯೆ

ಕಂಪ್ಯೂಟರ್ ಬಂದು ಬಟ್ಟೆಯ ಕೆಲಸವನ್ನು ಹಿಡಿಯಿತು ಎನ್ನುವವರು ಇತಿಹಾಸವನ್ನು ಒಂದಿಷ್ಟು ಹಿಂದಕ್ಕೆ ಓದಬೇಕು. 1804ರ ಸುಮಾರಿಗೆ ಫ್ರಾನ್ಸಿನ ಜಾಕಾರ್ಡ್ ಎಂಬಾತ ಮಗ್ಗಕ್ಕೆ ತೂತು ಹೊಡೆದ ರಟ್ಟುಗಳನ್ನು ಪೋಣಿಸಿದ. ತೂತಿದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ರಟ್ಟು ಬದಲಿಸಿದರೆ ಹೂವು ಬದಲಾಗುತ್ತದೆ, ಮಗ್ಗ ಅದೇ. ಜಾಕಾರ್ಡ್ ಎಂಬ ಹೆಸರು ನಮ್ಮ ನೇಕಾರರಿಗೂ ಹೊಸದಲ್ಲ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಈ ರಟ್ಟುಗಳನ್ನೇ ಬಳಸಲು ಯೋಚಿಸಿದ. ಆ ಯಂತ್ರದ ಬಗ್ಗೆ 1843ರಲ್ಲಿ ಟಿಪ್ಪಣಿ ಬರೆದ ಏಡಾ ಲವ್‌ಲೇಸ್, ಮಗ್ಗ ಹೂಬಳ್ಳಿ ನೇಯುವುದನ್ನೇ ಹೋಲಿಕೆಯಾಗಿ ಕೊಟ್ಟಳು. ಯಂತ್ರ ಪೂರ್ತಿಯಾಗಲಿಲ್ಲ, ವಿಚಾರ ಉಳಿಯಿತು.

ಕಸೂತಿ ಯಂತ್ರದ ಕಥೆಯೂ ಇದೇ ದಾರಿಯದು. 1828ರಲ್ಲಿ ಮುಲೂಸ್ ಊರಿನ ಜೋಸುವೆ ಹೈಲ್‌ಮನ್ ಹಲವು ಸೂಜಿಗಳನ್ನು ಒಟ್ಟಿಗೆ ನಡೆಸುವ ಕೈಯಂತ್ರ ಮಾಡಿದ. 1863ರಲ್ಲಿ ಸ್ವಿಟ್ಜರ್ಲೆಂಡಿನ ಇಸಾಕ್ ಗ್ರೋಬ್ಲಿ, ಹೊಲಿಗೆ ಯಂತ್ರದ ಹಾಗೆ ಮೇಲೊಂದು ಕೆಳಗೊಂದು ನೂಲು ಬಳಸುವ ‘ಶಿಫ್ಲಿ’ ಯಂತ್ರ ರಚಿಸಿದ. ಅದನ್ನು ತೂತಿನ ಪಟ್ಟಿಯಿಂದ ತಾನೇ ನಡೆಯುವಂತೆ ಮಾಡಿದವನು ಅವನ ಮಗ, 1898ರಲ್ಲಿ. ಇವತ್ತಿಗೂ ಕಂಪ್ಯೂಟರಿನಲ್ಲಿ ಕಸೂತಿ ವಿನ್ಯಾಸ ತಯಾರಿಸುವುದನ್ನು ಈ ಕಸುಬಿನವರು ‘ಪಂಚಿಂಗ್’ ಎನ್ನುತ್ತಾರೆ. ತೂತು ಹೋಯಿತು, ಮಾತು ಉಳಿಯಿತು. ಒಟ್ಟಿನಲ್ಲಿ ಕಂಪ್ಯೂಟರ್ ಬಟ್ಟೆಗೆ ಬಂದ ಹೊಸ ನೆಂಟನಲ್ಲ. ತವರಿಗೆ ಮರಳಿದ ಮಗಳು ಎಂದರೆ ಸರಿಯಾದೀತು.

ಆಮೆಯ ಹಿಂದೆ ಒಂದು ನೂಲು

ಪಂಚಿಂಗ್ ತಂತ್ರಾಂಶಗಳಿಗೆ ಬೆಲೆ ಹೆಚ್ಚು. ಅವುಗಳಲ್ಲಿ ಚಿತ್ರ ಬರೆದರೆ ಹೊಲಿಗೆಯ ದಾರಿಯನ್ನು ಬಹುಪಾಲು ತಂತ್ರಾಂಶವೇ ತೀರ್ಮಾನಿಸುತ್ತದೆ. ಬ್ಲಾಕ್ ಕೋಡಿಂಗ್‌ನಲ್ಲಿ ಹಾಗಲ್ಲ. ದಾರಿಯನ್ನು ನಾವೇ ಹೇಳಬೇಕು, ಕಲಿಕೆ ಇರುವುದೂ ಅಲ್ಲಿಯೇ.

ಇದರ ಬೇರು 1967ರಷ್ಟು ಹಿಂದೆ ಇದೆ. ಅಮೆರಿಕದಲ್ಲಿ ಸೈಮೋರ್ ಪ್ಯಾಪರ್ಟ್, ವಾಲಿ ಫೋಯರ್‌ಜೈಗ್, ಸಿಂಥಿಯಾ ಸಾಲೊಮನ್ ಮತ್ತು ಸಂಗಡಿಗರು ಮಕ್ಕಳಿಗಾಗಿ ‘ಲೋಗೊ’ ಎಂಬ ಭಾಷೆ ರೂಪಿಸಿದರು. ಮುಂದೆ ಅದಕ್ಕೊಂದು ಆಮೆ ಸೇರಿತು. ‘ಹತ್ತು ಹೆಜ್ಜೆ ಮುಂದೆ ಹೋಗು, ಬಲಕ್ಕೆ ತಿರುಗು’ ಎಂದರೆ ಆಮೆ ಹೋಗುತ್ತದೆ, ಹೋದಲ್ಲೆಲ್ಲ ಗೆರೆ ಬೀಳುತ್ತದೆ. ಗೊತ್ತಾಗದಿದ್ದರೆ ಮಗು ತಾನೇ ಆಮೆಯಾಗಿ ನೆಲದ ಮೇಲೆ ನಡೆದು ನೋಡಬಹುದು. ಕುಂಟೆಬಿಲ್ಲೆ ಆಡಿದ ಮಕ್ಕಳಿಗೆ ಇದೇನೂ ಕಷ್ಟವಲ್ಲ. 2007ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆ ಹೊರತಂದ ‘ಸ್ಕ್ರ್ಯಾಚ್’ನಲ್ಲಿ ಅಕ್ಷರದ ಆಜ್ಞೆಗಳ ಬದಲು ಒಂದಕ್ಕೊಂದು ಕಚ್ಚಿಕೊಳ್ಳುವ ಬ್ಲಾಕ್‌ಗಳು ಬಂದವು. ತಪ್ಪು ಜಾಗಕ್ಕೆ ಬ್ಲಾಕ್ ಕೂರುವುದೇ ಇಲ್ಲವಾದ್ದರಿಂದ ಕಾಗುಣಿತದ ತಪ್ಪಿಗೆ ಅಲ್ಲಿ ಅವಕಾಶವಿಲ್ಲ. ಅದೇ ಮನೆತನದ ‘ಸ್ನ್ಯಾಪ್’ ಎಂಬ ಭಾಷೆಯ ಮೇಲೆ ಕಟ್ಟಿದ್ದು ‘ಟರ್ಟಲ್‌ಸ್ಟಿಚ್’. ವಿಯೆನ್ನಾದ ಆಂಡ್ರಿಯಾ ಮಾಯರ್-ಸ್ಟಾಲ್ಡರ್ ಆರಂಭಿಸಿದ ಈ ಉಚಿತ ತಂತ್ರಾಂಶದಲ್ಲಿ ಆಮೆಯ ಹಿಂದೆ ಬೀಳುವುದು ಗೆರೆಯಲ್ಲ, ಹೊಲಿಗೆ. ಮುಗಿದ ಮೇಲೆ ಅದನ್ನು ಡಿಎಸ್‌ಟಿ ಪಟ್ಟಿಯಾಗಿ ಇಳಿಸಿಕೊಂಡು ಯಂತ್ರಕ್ಕೆ ಕೊಡಬಹುದು.

ಲಂಬಾಣಿ ಕೆಲಸದಲ್ಲಿ ಕನ್ನಡಿಯ ಸುತ್ತ ಕಾಣುವಂಥ ಒಂದು ಚೌಕವನ್ನೇ ತೆಗೆದುಕೊಳ್ಳೋಣ. ‘ಎರಡು ಮಿಲಿಮೀಟರಿನ ಹೊಲಿಗೆಯಲ್ಲಿ 20 ಮಿ.ಮೀ. ಮುಂದೆ ಹೋಗು, 90 ಡಿಗ್ರಿ ಬಲಕ್ಕೆ ತಿರುಗು’ ಎಂಬ ಎರಡು ಬ್ಲಾಕ್‌ಗಳನ್ನು ‘ನಾಲ್ಕು ಸಲ ಮಾಡು’ ಎಂಬ ಬ್ಲಾಕಿನ ಹೊಟ್ಟೆಯೊಳಗೆ ಇಟ್ಟರೆ ನಲವತ್ತು ಹೊಲಿಗೆಗಳ ಚೌಕ ಸಿದ್ಧ. ಈ ಇಡೀ ಚೌಕವನ್ನು ‘ಹನ್ನೆರಡು ಸಲ ಮಾಡು, ಪ್ರತಿ ಸಲ 30 ಡಿಗ್ರಿ ತಿರುಗು’ ಎಂಬ ಇನ್ನೊಂದು ಹೊಟ್ಟೆಯೊಳಗೆ ಇಟ್ಟರೆ, ಹನ್ನೆರಡು ಚೌಕಗಳು ಒಂದು ಮೂಲೆಯ ಸುತ್ತ ಸುತ್ತಿ ಸೂರ್ಯಕಾಂತಿಯಂಥ ಹೂವಾಗುತ್ತವೆ. ಹನ್ನೆರಡು ಮೂವತ್ತಲಿ ಮುನ್ನೂರರವತ್ತು. ವೃತ್ತಕ್ಕೆ ಅಷ್ಟೇ ಡಿಗ್ರಿ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಇಲ್ಲಿ ಕಣ್ಣ ಮುಂದೆ ನಿಲ್ಲುತ್ತದೆ.

ಪರದೆಯ ಮೇಲೆ ಹೂವು ಚೆಂದ. ಬಟ್ಟೆಯ ಮೇಲೆ? ಹನ್ನೆರಡು ಚೌಕಗಳೂ ಒಂದೇ ಮೂಲೆಯಲ್ಲಿ ಕೂಡುವುದರಿಂದ ಸೂಜಿ ಅದೇ ತೂತಿಗೆ ಮತ್ತೆ ಮತ್ತೆ ಇಳಿಯುತ್ತದೆ. ನೂಲು ಗುಡ್ಡೆ ಬೀಳುತ್ತದೆ, ಬಟ್ಟೆ ಹರಿಯುತ್ತದೆ, ಇಲ್ಲವೇ ಎಳೆ ತುಂಡಾಗುತ್ತದೆ. ಆದ್ದರಿಂದ ನಡುವಿನಿಂದ ಒಂದೆರಡು ಮಿ.ಮೀ. ದೂರ ಸರಿದು ಆರಂಭಿಸಬೇಕು. ಬಟ್ಟೆಯ ಹಿಂದೆ ಗಟ್ಟಿ ಕಾಗದವನ್ನೋ ಬಕ್ರಮ್ಮನ್ನೋ ಕೊಡಬೇಕು. ಪರದೆ ಕ್ಷಮಿಸಿದ್ದನ್ನು ಬಟ್ಟೆ ಕ್ಷಮಿಸುವುದಿಲ್ಲ. ಕಂಪ್ಯೂಟರಿನ ಬೇರೆ ಪಾಠಗಳಲ್ಲಿ ಸಿಗದ ಈ ಶಿಸ್ತು ಸೂಜಿಯ ಪಾಠದಲ್ಲಿ ಮೊದಲ ದಿನವೇ ಸಿಗುತ್ತದೆ.

ಕೊಟ್ಟೂರಿನವರಿಗೆ ತೇರಿನ ಲೆಕ್ಕ ಹೇಳಿದರೆ ಬೇಗ ಹಿಡಿಸೀತು. ತೇರಿನ ಬುಡದ ಸಾಲಿಗೆ 12 ಹೊಲಿಗೆ. ಅಲ್ಲಿಂದ ಓರೆಯಾಗಿ ಮೇಲಕ್ಕೆ, ಒಳಕ್ಕೆ ಒಂದು ಹೊಲಿಗೆ ಹತ್ತಿ, ತಿರುಗಿ 10 ಹೊಲಿಗೆ. ಮತ್ತೆ ಹತ್ತಿ 8. ಹೀಗೆ 6, 4, 2. ಎತ್ತು ಸಾಲಿನ ತುದಿಯಲ್ಲಿ ತಿರುಗಿ ಪಕ್ಕದ ಸಾಲು ಹಿಡಿದ ಹಾಗೆ. ಆರು ಸಾಲಿಗೆ ಆರು ಆಜ್ಞೆ ಬೇಕಿಲ್ಲ. ‘ಪ್ರತಿ ಸಲ ಎರಡು ಕಳೆ’ ಎಂದು ಒಮ್ಮೆ ಹೇಳಿದರೆ ಆಯಿತು. ಆರರ ಬದಲು ಅರವತ್ತು ಸಾಲಿನ ತೇರು ಬೇಕಾದರೂ ಪ್ರೋಗ್ರಾಂ ಅಷ್ಟೇ ಉದ್ದ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುವುದೂ ಇಂಥದೇ ಲೆಕ್ಕ: ಮುಂದೆ ಹೋಗು, ತಿರುಗು, ಉದ್ದವನ್ನು ಒಂದಿಷ್ಟು ಕಡಿಮೆ ಮಾಡು, ಮತ್ತೆ ಹೋಗು.

ಗವಂತಿಯ ಗುಟ್ಟು

ಆಮೆ ಒಂದೇ ಗೆರೆಯಲ್ಲಿ ಸಾಗುವಾಗ ಕಷ್ಟವಿಲ್ಲ. ಗೆರೆ ಕವಲೊಡೆದಾಗ ತೊಡಕು ಶುರು. ಬಳ್ಳಿಯ ಒಂದು ಕೊಂಬೆ ಹೊಲಿದು ಮುಗಿಸಿದ ಸೂಜಿ ಇನ್ನೊಂದು ಕೊಂಬೆಗೆ ಹೋಗುವುದು ಹೇಗೆ? ನೂಲನ್ನು ಎಳೆದುಕೊಂಡು ಹಾರಬಹುದು. ಆದರೆ ಪ್ರತಿ ಹಾರಿಕೆಯೂ ಆಮೇಲೆ ಕತ್ತರಿಸಬೇಕಾದ ಒಂದು ಎಳೆ. ಹಾರಿಕೆ ಕಡಿಮೆ ಇದ್ದಷ್ಟೂ ಕೆಲಸ ಒಳ್ಳೆಯದು.

ಇದು ನಮ್ಮ ಕಸೂತಿಯವರು ಎಂದೋ ಬಿಡಿಸಿದ ಒಗಟು. ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತಿ ಎಂದು ನಾಲ್ಕು ಹೊಲಿಗೆಗಳು. ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಆನೆಗಳನ್ನು ಹೊಲಿಯುವಾಗ ಚಿತ್ರವನ್ನು ಮೊದಲು ಬರೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಎಳೆ ಎಣಿಸಿಯೇ ಹೊಲಿಗೆ. ಗಂಟು ಹಾಕುವಂತಿಲ್ಲ. ಗವಂತಿಯಲ್ಲಂತೂ ಬಟ್ಟೆಯ ಎರಡೂ ಮೈ ಒಂದೇ ರೀತಿ ಕಾಣಬೇಕು. ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತ ಅದೇ ದಾರಿಯಲ್ಲಿ ಹಿಂದಿರುಗಬೇಕು.

ಕೈ ಎತ್ತದೆ, ಎಳೆದ ಗೆರೆಯ ಮೇಲೆ ಮತ್ತೆ ಎಳೆಯದೆ ಚಿತ್ರ ಬರೆಯುವ ಆಟವನ್ನು ಶಾಲೆಯಲ್ಲಿ ಎಲ್ಲರೂ ಆಡಿರುತ್ತೇವೆ. ಚೌಕ ಬರೆದು ಒಳಗೆ ಎರಡು ಕರ್ಣ ಹಾಕಬೇಕೆಂದರೆ ಏನು ಮಾಡಿದರೂ ಬರುವುದಿಲ್ಲ. ಅದರ ತಲೆಯ ಮೇಲೆ ಒಂದು ಮಾಡು ಏರಿಸಿದರೆ ಬರುತ್ತದೆ! ಕಾರಣ ಸರಳ. ಯಾವುದೇ ಬಿಂದುವಿಗೆ ಒಂದು ಗೆರೆಯಲ್ಲಿ ಬಂದರೆ ಇನ್ನೊಂದರಲ್ಲಿ ಹೊರಡಬೇಕು. ಆದ್ದರಿಂದ ಗೆರೆಗಳು ಜೋಡಿ ಜೋಡಿಯಾಗಿ ಕೂಡಬೇಕು. ಬೆಸ ಸಂಖ್ಯೆಯ ಗೆರೆಗಳು ಕೂಡುವ ಬಿಂದುಗಳು ಎರಡಕ್ಕಿಂತ ಹೆಚ್ಚಾದರೆ, ಅಂದರೆ ಆರಂಭಕ್ಕೊಂದು ಮುಕ್ತಾಯಕ್ಕೊಂದು ಬಿಟ್ಟು ಮತ್ತೂ ಉಳಿದರೆ, ಚಿತ್ರ ಸಾಧ್ಯವಿಲ್ಲ. ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳನ್ನು ತಲಾ ಒಂದೇ ಸಲ ದಾಟಿ ಊರು ಸುತ್ತಲಾಗದು ಎಂದು ಗಣಿತಜ್ಞ ಆಯ್ಲರ್ 1736ರಲ್ಲಿ ತೋರಿಸಿದ್ದು ಇದೇ ತರ್ಕದಿಂದ.

ಈಗ ಗವಂತಿಯನ್ನು ನೋಡಿ. ಅಲ್ಲಿ ಪ್ರತಿ ಗೆರೆಯನ್ನೂ ಎರಡು ಸಲ ತುಳಿಯುತ್ತಾರೆ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಒಂದು ಬಿಂದುವಿನಲ್ಲಿ ಮೂರು ಗೆರೆ ಕೂಡಲಿ, ಐದು ಕೂಡಲಿ, ಇಮ್ಮಡಿಯಾದಾಗ ಅದು ಸಮಸಂಖ್ಯೆಯೇ. ಆದ್ದರಿಂದ ಬಿಡಿಬಿಡಿಯಾಗಿರದೆ ಒಂದಕ್ಕೊಂದು ಕೂಡಿಕೊಂಡ ಚಿತ್ರ ಯಾವುದೇ ಆಗಿರಲಿ, ನೂಲು ಕತ್ತರಿಸದೆ, ಹಾರದೆ, ಆರಂಭಿಸಿದ ಜಾಗಕ್ಕೇ ಬಂದು ಮುಗಿಸಬಹುದು. ಮೇಲೆ ಕೆಳಗೆ ಸರದಿಯೂ ತಪ್ಪುವುದಿಲ್ಲ. ಪಕ್ಕದ ಕೊಂಬೆಗೆ ಐದು ಹೊಲಿಗೆ ಹೋಗಿ ಐದು ಹೊಲಿಗೆ ಬಂದರೆ ಒಟ್ಟು ಹತ್ತು. ಏಳು ಹೋಗಿ ಏಳು ಬಂದರೆ ಹದಿನಾಲ್ಕು. ಹೋದಷ್ಟೇ ಬಂದಾಗ ಮೊತ್ತ ಯಾವತ್ತೂ ಸಮ. ಹಾಗಾಗಿ ಸೂಜಿ ಬಟ್ಟೆಯ ಯಾವ ಮೈಯಿಂದ ಕೊಂಬೆಗೆ ಹೊರಟಿತ್ತೋ ಅದೇ ಮೈಗೆ ಮರಳಿರುತ್ತದೆ, ಮುಖ್ಯ ದಾರಿಯ ಸರದಿ ಇದ್ದ ಹಾಗೇ ಇರುತ್ತದೆ. ಸೇತುವೆಗಳ ಒಗಟನ್ನು ಓದದ ಕೈಗಳು ಈ ನಿಯಮವನ್ನು ಬಟ್ಟೆಯ ಮೇಲೆ ಪಾಲಿಸಿಕೊಂಡು ಬಂದಿವೆ.

ಬ್ಲಾಕ್ ಭಾಷೆಯಲ್ಲಿ ನಮ್ಮದೇ ಹೊಸ ಬ್ಲಾಕ್ ಮಾಡಿ ಅದಕ್ಕೊಂದು ಹೆಸರಿಡಲು ಅವಕಾಶವಿದೆ. ‘ಇಷ್ಟು ಹೊಲಿಗೆ ಹೋಗು, ಅಲ್ಲಿ ಕವಲಿದ್ದರೆ ಅದನ್ನೂ ಮುಗಿಸು, ಹಿಂದಕ್ಕೆ ತಿರುಗಿ ಅಷ್ಟೇ ಹೊಲಿಗೆ ಬಾ’ ಎಂಬುದಕ್ಕೆ ‘ಗವಂತಿ’ ಎಂದೇ ಹೆಸರಿಟ್ಟರೆ ತಪ್ಪೇನು? ಕವಲಿನೊಳಗೆ ಮತ್ತೆ ಕವಲಿದ್ದರೆ ಅಲ್ಲೂ ಅದೇ ಬ್ಲಾಕ್ ನಡೆಯುತ್ತದೆ. ತನ್ನನ್ನು ತಾನೇ ಕರೆದುಕೊಳ್ಳುವ ಇಂಥ ಆಜ್ಞೆ ಕಂಪ್ಯೂಟರ್ ಶಾಸ್ತ್ರದಲ್ಲಿ ವಿದ್ಯಾರ್ಥಿಗಳನ್ನು ಕಂಗೆಡಿಸುವ ಪಾಠ. ಬಳ್ಳಿಯೊಂದನ್ನು ಗವಂತಿಯಲ್ಲಿ ಹೊಲಿದವರಿಗೆ ಅದು ದಿನದ ಕೆಲಸ.

ಯಂತ್ರದ ಮಿತಿ

ಹಾಗೆಂದು ಯಂತ್ರ ಗವಂತಿಯನ್ನು ಹೊಲಿಯುತ್ತದೆ ಎಂದು ತಿಳಿಯಬಾರದು. ಗವಂತಿಯ ದಾರಿಯನ್ನು ಅದು ಅನುಸರಿಸಬಲ್ಲದು, ಗವಂತಿಯ ಹೊಲಿಗೆಯನ್ನಲ್ಲ. ಯಂತ್ರಕ್ಕೆ ಎರಡು ನೂಲು ಬೇಕು, ಮೇಲಿನದು ಸೂಜಿಯಲ್ಲಿ, ಕೆಳಗಿನದು ಬಾಬಿನ್‌ನಲ್ಲಿ. ಸೂಜಿ ಬಟ್ಟೆಯನ್ನು ತೂರಿ ಆಚೆ ಹೋಗಿ ಅಲ್ಲಿಂದ ಮರಳಿ ಬರುವುದಿಲ್ಲ, ಇಳಿದು ಬಾಬಿನ್ ನೂಲಿಗೆ ಕೊಕ್ಕೆ ಹಾಕಿಕೊಂಡು ಮೇಲೇಳುತ್ತದೆ. ಹೀಗಾಗಿ ಹಿಂಬದಿ ಮುಂಬದಿ ಒಂದಾಗುವುದಿಲ್ಲ. ಸೀರೆಯ ಕಸೂತಿ ಕೈಯದೋ ಯಂತ್ರದ್ದೋ ಎಂದು ತಿಳಿಯಬೇಕಾದವರು ಮಗುಚಿ ನೋಡಿದರೆ ಸಾಕು.

ಲಂಬಾಣಿ ಕೆಲಸದಲ್ಲಿ ಮಿತಿ ಇನ್ನೂ ಹೆಚ್ಚು. ಸಂಡೂರಿನ ಕಸೂತಿಯಲ್ಲಿ ಕಿಲಣ್, ವೇಲೆ, ಬಕ್ಯಾ, ಮಾಕಿ, ರೇಲೊ ಮೊದಲಾಗಿ ಹದಿನಾಲ್ಕು ಬಗೆಯ ಹೊಲಿಗೆಗಳನ್ನು ಎಣಿಸುತ್ತಾರೆ. ಚೌಕ, ಮುಕ್ಕೋನ, ಕರ್ಣ, ಸಾಲು ಇವುಗಳ ಲೆಕ್ಕ ಬ್ಲಾಕ್‌ಗಳಿಗೆ ಚೆನ್ನಾಗಿ ಒಗ್ಗುತ್ತದೆ. ಕನ್ನಡಿಯ ಹತ್ತಿರ ಬಂದಾಗ ಯಂತ್ರ ಸೋಲುತ್ತದೆ. ಗಾಜಿಗೆ ತೂತಿಲ್ಲ, ಸೂಜಿ ಅದನ್ನು ಚುಚ್ಚಲಾರದು. ಕೈಯವರು ಕನ್ನಡಿಯ ಮೇಲೆ ಅಡ್ಡ ಉದ್ದ ಎಳೆಗಳ ಒಂದು ಚೌಕಟ್ಟು ಹಾಕಿ, ಆ ಎಳೆಗಳನ್ನೇ ಹಿಡಿದು ಸುತ್ತಲೂ ಕಾಜಾ ಹೊಲಿಗೆಯಂತೆ ಬಿಗಿಯುತ್ತಾರೆ. ಯಂತ್ರದ ಕೆಲಸದಲ್ಲಿ ಅದರ ಬದಲು ತೂತಿರುವ ಪ್ಲಾಸ್ಟಿಕ್ ಚಮಕಿ ಬರುತ್ತದೆ, ಅಥವಾ ಅಂಟಿಸಿದ ಹೊಳಪಿನ ತುಂಡು. ಕವಡೆ, ನಾಣ್ಯಗಳ ಮಾತೂ ಇಷ್ಟೆ. ಬಟ್ಟೆ ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂದು ಬೆರಳ ತುದಿಗೆ ತಿಳಿಯುವುದನ್ನೂ ಯಾವ ಬ್ಲಾಕಿನಲ್ಲಿಯೂ ಬರೆಯಲು ಬರುವುದಿಲ್ಲ.

ಲೆಕ್ಕ ಯಾರ ಕೈಯಲ್ಲಿ?

ಇಷ್ಟೆಲ್ಲ ಇರುವಾಗ ತಾಂಡಾದ ಹುಡುಗಿಗೆ ಈ ಬ್ಲಾಕ್ ವಿದ್ಯೆ ಯಾಕೆ ಎಂದು ಕೇಳುವವರಿದ್ದಾರೆ. ಕೈಕಸೂತಿಯನ್ನೇ ಉಳಿಸಿಕೊಂಡರೆ ಸಾಲದೆ?

ಪ್ರಶ್ನೆ ನ್ಯಾಯವಾದದ್ದು. ಆದರೆ ಪೇಟೆಯಲ್ಲಿ ನಡೆದಿರುವುದನ್ನು ನೋಡಬೇಕು. ಸೂರತ್ತಿನಂಥ ಜವಳಿ ಕೇಂದ್ರಗಳಲ್ಲಿ ಹಲವು ತಲೆಗಳ ಯಂತ್ರಗಳು ಒಂದೇ ವಿನ್ಯಾಸವನ್ನು ಒಟ್ಟಿಗೆ ಹೊಲಿದು ಹಾಕುತ್ತವೆ. ಬುಡಕಟ್ಟು, ಬಂಜಾರ ಎಂಬ ಹೆಸರಿನ ಮಾದರಿಗಳೂ ಅದರಲ್ಲಿ ಸೇರಿರುತ್ತವೆ. 1999ರ ಭೌಗೋಳಿಕ ಸೂಚಕಗಳ ಕಾಯ್ದೆ ಕಾಪಾಡುವುದು ಹೆಸರನ್ನು. ‘ಸಂಡೂರು ಲಂಬಾಣಿ ಕಸೂತಿ’ ಎಂಬ ಹೆಸರು ಅಂಟಿಸಿ ಬೇರೆಡೆಯ ಮಾಲು ಮಾರುವಂತಿಲ್ಲ. ಆದರೆ ಆ ಹೆಸರು ಹೇಳದೆ ಅದೇ ಚೌಕ, ಅದೇ ಮುಕ್ಕೋನಗಳನ್ನು ಯಂತ್ರಕ್ಕೆ ಕೊಡುವವರನ್ನು ತಡೆಯಲು ಆ ಹೆಸರಿನ ಕಾವಲು ಸಾಲದು. ಹೀಗೆ ಅಜ್ಜಿಯ ಲೆಕ್ಕ ಯಾರದೋ ಕಂಪ್ಯೂಟರಿನಲ್ಲಿ ಪಟ್ಟಿಯಾಗುತ್ತದೆ, ಅಜ್ಜಿಗೆ ಒಂದು ಕಾಸೂ ಬರುವುದಿಲ್ಲ.

ಇತ್ತ ತಾಂಡಾಗಳ ಸ್ಥಿತಿ ಎಲ್ಲರಿಗೂ ತಿಳಿದದ್ದೇ. ಮಳೆ ಕೈಕೊಟ್ಟ ವರ್ಷ ಈ ಐದು ತಾಲ್ಲೂಕುಗಳಿಂದ ಕುಟುಂಬಗಳು ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಬೆಂಗಳೂರು–ಗೋವಾಗಳ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಜತೆಗೆ ಹೋಗುವ ಮಕ್ಕಳ ಶಾಲೆ ತಪ್ಪುತ್ತದೆ. ಕಸೂತಿಯೂ ತಪ್ಪುತ್ತದೆ, ಏಕೆಂದರೆ ಅದನ್ನು ಕಲಿಯುವುದು ಬಿಡುವಿನ ಹೊತ್ತಿನಲ್ಲಿ ಅಜ್ಜಿಯ ಪಕ್ಕ ಕೂತು. ಬರೆದಿಡದ ವಿದ್ಯೆಗೆ ಒಂದು ತಲೆಮಾರಿನ ಬಿಡುವೂ ಅಪಾಯ.

ಬ್ಲಾಕ್ ಲಿಪಿಯ ಉಪಯೋಗ ಇಲ್ಲಿದೆ. ಅಜ್ಜಿ ಹೊಲಿಯುವುದನ್ನು ನೋಡಿ ಮೊಮ್ಮಗಳು ಅದರ ದಾರಿಯನ್ನು ಬ್ಲಾಕ್‌ಗಳಲ್ಲಿ ಬರೆದರೆ ಅದು ಕೇವಲ ಫೋಟೊ ಆಗಿ ಉಳಿಯುವುದಿಲ್ಲ. ಫೋಟೊ ಮುಗಿದ ಹೂವನ್ನು ತೋರಿಸುತ್ತದೆ. ಎಲ್ಲಿಂದ ಹೊರಟು, ಎಷ್ಟು ಎಣಿಸಿ, ಎಲ್ಲಿ ತಿರುಗಿ ಆ ಹೂವಾಯಿತು ಎಂಬುದನ್ನು ಪ್ರೋಗ್ರಾಂ ಹೇಳುತ್ತದೆ. ಬರೆಯುವಾಗ ಆ ಹುಡುಗಿ ಕೋನ, ಗುಣಾಕಾರ, ಸಮ–ಬೆಸಗಳನ್ನು ಕಲಿಯುತ್ತಾಳೆ, ಜತೆಗೆ ಅಜ್ಜಿಯನ್ನು ನೂರು ಪ್ರಶ್ನೆ ಕೇಳುತ್ತಾಳೆ. ಆ ಪ್ರಶ್ನೆಗಳೇ ಕಸೂತಿಯ ಪಾಠ. ಬ್ಲಾಕ್‌ಗಳಿಗೆ ಹೊಲಿಗೆಯ ಗೋರ್‌ಬೋಲಿ ಹೆಸರನ್ನೇ ಇಟ್ಟರೆ ಮಾತೂ ಉಳಿದೀತು. ನಾಳೆ ಅವಳು ಪೇಟೆಯಲ್ಲಿ ‘ಕಂಪ್ಯೂಟರ್ ವರ್ಕ್’ ಅಂಗಡಿ ಇಟ್ಟರೆ ಬೇರೆಯವರ ವಿನ್ಯಾಸ ಕೊಂಡು ಗುಂಡಿ ಒತ್ತುವವಳಾಗದೆ, ಸ್ವಂತ ವಿನ್ಯಾಸ ಬರೆಯುವವಳಾಗುತ್ತಾಳೆ. ಯಂತ್ರದ್ದನ್ನು ಯಂತ್ರದ್ದೆಂದು, ಕೈಯದನ್ನು ಕೈಯದೆಂದು ಹೇಳಿ ಮಾರುವ ಪ್ರಾಮಾಣಿಕತೆ ಇದ್ದರೆ ಎರಡಕ್ಕೂ ಗಿರಾಕಿ ಇದ್ದಾರೆ.

ಖರ್ಚಿನ ಮಾತೂ ಬೇಕಲ್ಲ. ಹಲವು ತಲೆಯ ಯಂತ್ರಕ್ಕೆ ಲಕ್ಷಗಟ್ಟಲೆ ಹಣ ಬೇಕು, ಶಾಲೆಗಳಿಗೆ ಅದು ಆಗುಹೋಗುವ ಮಾತಲ್ಲ. ಆದರೆ ಕಲಿಕೆಗೆ ಯಂತ್ರವೇ ಬೇಕೆಂದಿಲ್ಲ. ಶಾಲೆಯಲ್ಲಿ ಒಂದು ಕಂಪ್ಯೂಟರ್ ಇದ್ದರೆ ಉಚಿತ ತಂತ್ರಾಂಶ ಸಾಕು. ಅದೂ ಇಲ್ಲದಿದ್ದರೆ ರಟ್ಟಿನಲ್ಲಿ ಬ್ಲಾಕ್‌ಗಳನ್ನು ಕತ್ತರಿಸಿ ನೆಲದ ಮೇಲೆ ಜೋಡಿಸಿ, ಒಬ್ಬ ಹುಡುಗಿ ಓದಿ ಹೇಳಿದಂತೆ ಇನ್ನೊಬ್ಬಳು ಸೂಜಿ ಹಿಡಿದು ಗೋಣಿತಟ್ಟಿನ ಮೇಲೆ ಹೊಲಿಯಬಹುದು. ಗೋಣಿಯ ನೇಯ್ಗೆಯ ಚೌಕಗಳೇ ಎಣಿಕೆಗೆ ಸಾಕು. ಹೇಳಿದ್ದು ತಪ್ಪಿದ್ದರೆ ಹೊಲಿಗೆಯೇ ತೋರಿಸಿಕೊಡುತ್ತದೆ.

ಎರಡು ನೂರು ವರ್ಷಗಳ ಹಿಂದೆ ಮಗ್ಗದಿಂದ ಲೆಕ್ಕದ ಯಂತ್ರಕ್ಕೆ ವಿದ್ಯೆ ಹೋಯಿತು. ಅದನ್ನು ಕೊಟ್ಟ ನೇಕಾರರ ಹೆಸರು ಆ ಚರಿತ್ರೆಯಲ್ಲಿ ಹೆಚ್ಚು ಕಾಣುವುದಿಲ್ಲ. ಈಗ ಸೂಜಿಯ ಲೆಕ್ಕ ಯಂತ್ರಕ್ಕೆ ಹೋಗುತ್ತಿದೆ. ಅದು ಹೇಗೂ ಹೋಗುತ್ತದೆ. ಬರೆಯುವ ಕೈ ತಾಂಡಾದ್ದೇ ಆಗಿರಬೇಕೆಂದರೆ ಅದಕ್ಕೆ ಬೇಕಾದ ಅಕ್ಷರಾಭ್ಯಾಸ ನಮ್ಮ ಶಾಲೆಗಳಲ್ಲೇ ಆಗಬೇಕು, ಅಜ್ಜಿಯರು ಇನ್ನೂ ಸೂಜಿ ಹಿಡಿಯುತ್ತಿರುವಾಗಲೇ ಆಗಬೇಕು.